ಹಿಲಾಲಿನ ಕೊನೆಯ ಕಂತು

ಸವದತ್ತಿಯಲ್ಲಿ ನಾನು ಸ್ಕೂಟರ್ ರಿಪೇರಿಗೆ ಬಿಡುವ ಗ್ಯಾರೇಜಿನ ಮಿಸ್ತ್ರಿ, ಕೆಲಸ ಮುಗಿದ ಮೇಲೆ ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ಕೈ ಒರೆಸಿಕೊಳ್ಳುತ್ತಾನೆ. ಎಣ್ಣೆಗೆ ಕರಿ ಮಸಿ ಕೂಡಿ ಏಳುವ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತುಬಿಡುತ್ತೇನೆ. ಆ ಮನೆ ಈಗಿಲ್ಲ; ಅಲ್ಲಿ ಮೊಬೈಲ್ ಅಂಗಡಿಗಳ ಸಾಲು ಎದ್ದಿದೆ. ಆಗ ಪಡಸಾಲೆಯ ತುಂಬ ಕಾಲಿನಿಂದ ತುಳಿಯುವ ಅಚ್ಚಿನ ಯಂತ್ರ; ಅಕ್ಷರಗಳಿಗೆ ಹತ್ತಿದ ಮಸಿಯನ್ನು ಅದೇ ಎಣ್ಣೆಯಲ್ಲಿ ಒರೆಸುತ್ತಿದ್ದೆವು. ಲಗ್ನದ ಕಾಗದ, ಅಂಗಡಿಯ ಪಾವತಿ ಅಚ್ಚು ಹಾಕಿ ಸಂಸಾರ ನಡೆಸುತ್ತಿದ್ದ ಅಪ್ಪ ಅದೇ ಯಂತ್ರದಲ್ಲಿ ‘ಹಿಲಾಲು’ ಎಂಬ ಪತ್ತೇದಾರಿ ಮಾಸಪತ್ರಿಕೆಯನ್ನೂ ಹೊರತರುತ್ತಿದ್ದ. ಒರಟು ಕಾಗದ, ಹೊದಿಕೆಯ ಮೇಲೆ ಪಿಸ್ತೂಲು ಹಿಡಿದ ಹೆಣ್ಣು. ಬಸ್ಸಿನ ಕಂಡಕ್ಟರುಗಳು ಅದರ ಕಟ್ಟುಗಳನ್ನು ನೇಸರಗಿ, ಕಿತ್ತೂರು, ರಾಮದುರ್ಗದ ಬೀಡಿ ಅಂಗಡಿಗಳಿಗೆ ಮುಟ್ಟಿಸುತ್ತಿದ್ದರು. ಸಾಹಿತಿ ಎನಿಸಿಕೊಂಡವರು ಅದನ್ನು ಕೈಯಲ್ಲಿ ಹಿಡಿಯಲೂ ನಾಚುತ್ತಿದ್ದರು. ಓದಿದವರು ಹತ್ತಿ ಜಿನ್ನಿನ ಹಮಾಲರು, ಬಸ್ಸು ಕಾಯುತ್ತ ಕೂತವರು, ಹೊದಿಕೆ ಹರಿದು ಒಲೆಗೆ ಹಾಕಿ ಕಥೆಯನ್ನಷ್ಟೇ ಸೀರೆಯ ಮಡಿಕೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಹೆಂಗಸರು.

ಹಿಲಾಲಿನ ಕಥೆಗಳ ಕೆಳಗೆಲ್ಲ ‘ಪ್ರತಾಪ’ ಎಂಬ ಹೆಸರಿರುತ್ತಿತ್ತು. ಪ್ರತಾಪ ಎಂದರೆ ನಮ್ಮ ನೀಲತ್ತಿ, ಅಪ್ಪನ ತಂಗಿ. ಗಂಡ ಮತ್ತೊಬ್ಬಳನ್ನು ಮನೆಗೆ ತಂದಾಗ ಮುನವಳ್ಳಿಯಿಂದ ಒಂದು ಟ್ರಂಕು ಹಿಡಿದು ತವರಿಗೆ ಬಂದವಳು. ಬೆಳಿಗ್ಗೆ ರೊಟ್ಟಿ ಬಡಿದು, ಮಧ್ಯಾಹ್ನ ಮೊಳೆ ಜೋಡಿಸಲು ನಿಲ್ಲುತ್ತಿದ್ದಳು. ಸೀಸದ ಅಕ್ಷರಗಳಿಗೆ ನಾವು ಮೊಳೆ ಎನ್ನುತ್ತಿದ್ದೆವು. ಮೊದಮೊದಲು ಹಾಳೆಯ ಮೇಲೆ ಬರೆದುಕೊಂಡು ಜೋಡಿಸುತ್ತಿದ್ದವಳು ಕೈ ಪಳಗಿದ ಮೇಲೆ ಬರೆಯುವುದನ್ನೇ ಬಿಟ್ಟಳು. ಕಥೆ ತಲೆಯಿಂದ ನೇರ ಬೆರಳಿಗೆ ಇಳಿಯುತ್ತಿತ್ತು. ಕಾಳು ಹೆಕ್ಕುವ ಗುಬ್ಬಿಯಂತೆ ಅವಳ ಕೈ ಮೊಳೆಯ ಖಾನೆಗಳ ಮೇಲೆ ಓಡಾಡುವುದನ್ನು ನಾನು ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಆಗ ನಡೆದಿದ್ದ ಧಾರಾವಾಹಿಯಲ್ಲಿ ನವಿಲುತೀರ್ಥದ ಅಣೆಕಟ್ಟಿನ ನೀರಿನಲ್ಲಿ ಹೊಸ ಮದುಮಗಳೊಬ್ಬಳ ಹೆಣ ಸಿಕ್ಕಿತ್ತು. ಕೊಂದವರನ್ನು ಹುಡುಕುತ್ತಿದ್ದುದು ಒಬ್ಬ ಸೂಲಗಿತ್ತಿ. ಕಂಡಕ್ಟರುಗಳು ಕಿಟಕಿಯಲ್ಲಿ ಬಗ್ಗಿ, ಮುಂದೇನಾಯಿತು ಎಂದು ಅಪ್ಪನನ್ನು ಪೀಡಿಸುತ್ತಿದ್ದರು. ಅಪ್ಪ ಮೀಸೆಯೊಳಗೇ ನಗುತ್ತಿದ್ದ. ಅತ್ತಿ ತಲೆ ಎತ್ತುತ್ತಿರಲಿಲ್ಲ, ಆದರೆ ಅವಳ ಕಿವಿ ಕೆಂಪಾಗುತ್ತಿತ್ತು.

ಅದೇ ವರ್ಷ ಅಕ್ಕನನ್ನು ನೋಡಲು ರಾಮದುರ್ಗದ ಅರಿವೆ ವ್ಯಾಪಾರಸ್ಥರು ಬಂದರು. ಪಡಸಾಲೆಯ ಹಗ್ಗದ ಮೇಲೆ ಹೊದಿಕೆಯ ಹಾಳೆಗಳು ಆರುತ್ತಿದ್ದವು. ಹುಡುಗನ ತಂದೆ ಅವುಗಳತ್ತ ನೋಡಿ, ಇಂಥದ್ದನ್ನು ಬರೆಯುವವರು ಯಾರು ಎಂದು ಕೇಳಿದರು. ಅತ್ತಿ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಯಾರೋ ಧಾರವಾಡದವ್ರು ಕಳಸ್ತಾರ್ರಿ,” ಎಂದ ಅಪ್ಪ. “ನಾವು ಬರೇ ಅಚ್ಚು ಹಾಕಿ ಕೊಡತೇವಿ.”

ಅತ್ತಿ ಒಬ್ಬೊಬ್ಬರ ಮುಂದೆ ಚಹಾ ಇಟ್ಟು ಒಳಗೆ ಹೋದಳು. ಇಂಥ ಹೊಲಸು ಅಚ್ಚಾಗುವ ಮನೆಯಿಂದ ಹೆಣ್ಣು ತರುವುದು ಹೇಗೆ ಎಂದು ಬಂದವರು ಅನುಮಾನಿಸಿದರು. ನಾಳೆಯಿಂದಲೇ ನಿಲ್ಲಿಸುತ್ತೇನೆ ಎಂದು ಅಪ್ಪ ಕೂತಲ್ಲೇ ಮಾತು ಕೊಟ್ಟ. ಆಗ ಧಾರಾವಾಹಿಯ ಕೊನೆಯ ಕಂತು ಮೊಳೆಯಲ್ಲಿ ಜೋಡಣೆಯಾಗಿ ಯಂತ್ರಕ್ಕೆ ಏರುವುದಷ್ಟೇ ಬಾಕಿಯಿತ್ತು. ಅವರು ಹೋದ ಮೇಲೆ ಅತ್ತಿ ಬಂದು ಕೇಳಿಕೊಂಡಳು.

“ಇದೊಂದು ಸಂಚಿಕಿ ಹೋಗ್ಲಿ ಅಣ್ಣಾ. ಓದೋರು ಕಾಯಾಕ ಹತ್ತ್ಯಾರ.”

“ಲಗ್ನದ ಕಾಗದಕ್ಕ ಅಕ್ಷರ ಬೇಕು. ಮೊಳಿ ಬಿಚ್ಚು,” ಎಂದ ಅಪ್ಪ.

ಮರುದಿನ ಮಧ್ಯಾಹ್ನವೆಲ್ಲ ಅತ್ತಿ ತಾನು ಕಟ್ಟಿದ್ದನ್ನು ತಾನೇ ಬಿಚ್ಚಿ, ಒಂದೊಂದೇ ಅಕ್ಷರವನ್ನು ಅದರದರ ಖಾನೆಗೆ ಹಾಕಿದಳು. ಆ ಕಂತು ಯಾವ ಹಾಳೆಯ ಮೇಲೂ ಇರಲಿಲ್ಲ. ಅವೇ ಅಕ್ಷರಗಳಲ್ಲಿ ಅಕ್ಕನ ಲಗ್ನದ ಕಾಗದ ಅಚ್ಚಾಯಿತು. ಜೋಡಿಸಿದವಳು ಅತ್ತಿಯೇ. ‘ತಮ್ಮ ಆಗಮನ ಬಯಸುವವರು’ ಎಂಬ ಸಾಲಿನಲ್ಲಿ ಮಾತ್ರ ಅವಳ ಹೆಸರಿರಲಿಲ್ಲ. ಗಂಡ ಬಿಟ್ಟವಳ ಹೆಸರು ಶುಭಕಾರ್ಯಕ್ಕೆ ಬೇಡ ಎಂದು ಅಪ್ಪನೇ ಹೇಳಿದ್ದ. ಹಿಲಾಲಿನ ಕಟ್ಟು ಒಯ್ಯಲು ಬಂದ ಕಂಡಕ್ಟರಿಗೆ ಅತ್ತಿ ಕಿಟಕಿಯಿಂದಲೇ ಉತ್ತರ ಕೊಟ್ಟಳು: “ಬರಿಯೋರು ತೀರಿಕೊಂಡ್ರಂತ್ರಿ.” ಆತ ತಲೆಯ ಟೊಪ್ಪಿಗೆ ತೆಗೆದು ಸ್ವಲ್ಪ ಹೊತ್ತು ನಿಂತು ಹೋದ. ಆಮೇಲೆ ಅವಳು ಜೋಡಿಸಿದ್ದೆಲ್ಲ ಮಂದಿಯ ಮದುವೆ, ಮಂದಿಯ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಯಂತ್ರ ಗುಜರಿಗೆ ಹೋಯಿತು, ಅತ್ತಿ ಸವದತ್ತಿಗೆ ಬಂದು ನನ್ನ ಜೊತೆ ಇದ್ದಳು.

ಹೋದ ವರ್ಷ ಸವದತ್ತಿಯಲ್ಲಿ ನಮ್ಮ ಭಾಗದ ಹಳೆಯ ಪತ್ರಿಕೆಗಳ ಬಗ್ಗೆ ಒಂದು ಸಭೆ ನಡೆಯಿತು. ನಡೆಸಿದವನು ಅಕ್ಕನ ಮಗ, ಹೊಲಸು ಎಂದವರ ಮೊಮ್ಮಗ. ವೇದಿಕೆಯ ಮೇಲೆ ಅಪ್ಪನ ಫೋಟೋಕ್ಕೆ ಮಾಲೆ. ಹಳ್ಳಿಗರಿಗೆ ಓದಿನ ರುಚಿ ಹತ್ತಿಸಿದ ಧೀಮಂತ ಎಂದು ಹೊಗಳಿದರು. ಪ್ರತಾಪ ಎಂಬಾತ ಬಹುಶಃ ಧಾರವಾಡದ ಒಬ್ಬ ಪ್ರಾಧ್ಯಾಪಕ ಎಂದು ಒಬ್ಬರು ಸಂಶೋಧನೆ ಮಂಡಿಸಿದರು. ನನ್ನ ಪಕ್ಕದಲ್ಲಿ ಅತ್ತಿ ಊರುಗೋಲಿನ ಮೇಲೆ ಗದ್ದ ಊರಿ ಕೇಳುತ್ತಿದ್ದಳು. ನಾನು ಎದ್ದು ನಿಂತೆ. ಅವಳು ನನ್ನ ಮುಂಗೈ ಹಿಡಿದು ಎಳೆದಳು.

“ಕುಂದ್ರ ಯವ್ವಾ. ಹೇಳೂ ಹೊತ್ತಿನ್ಯಾಗ ನಿಮ್ಮಪ್ಪನೇ ಹೇಳಲಿಲ್ಲ.”

ಮರಳುವಾಗ ಆಟೋದಲ್ಲಿ, ಇಷ್ಟು ವರ್ಷ ಕೇಳಲಾಗದ್ದನ್ನು ಕೇಳಿದೆ: ಆ ಮದುಮಗಳನ್ನು ಕೊಂದವರು ಯಾರು? ಅತ್ತಿಯ ಬೆರಳುಗಳು ತೊಡೆಯ ಮೇಲೆ ಏನನ್ನೋ ಹೆಕ್ಕುವಂತೆ ಆಡಿದವು. ಸೂಲಗಿತ್ತಿ ದಂಡೆಯ ಮೇಲೆ ಕೂತದ್ದು, ಅವಳ ಕೈಗೆ ಒಂದು ಒಡೆದ ಹಸಿರು ಬಳೆ ಸಿಕ್ಕದ್ದು, ಇಲ್ಲಿಯವರೆಗೆ ಹೇಳುತ್ತ ಬಂದು ನಿಂತಳು.

“ನೆನಪಾಗವಲ್ದವ್ವಾ,” ಎಂದಳು. ಅಂದು ಮೊಳೆ ಬಿಚ್ಚುವಾಗ ಅಳದವಳು ಈಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈ ಶ್ರಾವಣದಲ್ಲಿ ಅತ್ತಿ ಹೋದಳು. ಆ ಹುಡುಗಿಯನ್ನು ನೀರಿಗೆ ತಳ್ಳಿದವರು ಯಾರೆಂಬುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.