ಕಣ್ಣೀರಿನಷ್ಟು ಉಪ್ಪು

ಕುರಕುಂಟಾದಲ್ಲಿ ನಾನು ನರ್ಸ್ ಆಗಿದ್ದಾಗ, ಒಂದು ಮಳೆಗಾಲ ಬಾವಿಗೆ ಕೊಳಚೆ ನೀರು ಇಳಿದು ಊರೆಲ್ಲ ವಾಂತಿಭೇದಿ ಹಬ್ಬಿತು. ಮಲ್ಲಮ್ಮನ ಎರಡು ವರ್ಷದ ಮೊಮ್ಮಗ ಕಣ್ಣು ಗುಳಿಬಿದ್ದು, ಅಳಲೂ ಶಕ್ತಿಯಿಲ್ಲದೆ ಮಲಗಿದ್ದ. ಮುದುಕಿ ಬೆಳಗಿನಿಂದ ಹನಿ ನೀರೂ ಕುಡಿಸಿರಲಿಲ್ಲ.

“ಕೊಟ್ಟಷ್ಟೂ ಹೊರಗ ಹೋಗ್ಲಿಕತ್ತದರಿ,” ಎಂದಳು.

“ಅದಕ್ಕೇ ಕೊಡಬೇಕವ್ವಾ,” ಎಂದು ನೀರು ಕಾಸಿ ಆರಿಸಿ, ಸಕ್ಕರೆ ಹಾಕಿಸಿದೆ. “ಈಗ ಚಿಟಿಕೆ ಉಪ್ಪು ಹಾಕ್ರಿ. ಕಣ್ಣೀರಿಗಿಂತ ಉಪ್ಪಾಗಬಾರದು.”

“ಕಣ್ಣೀರು ಎಷ್ಟು ಉಪ್ಪಿರ್ತಾವಂತ ಯಾರು ನೆಕ್ಕಿ ನೋಡ್ಯಾರ್ರಿ?” ಎನ್ನುತ್ತಲೇ ಅವಳು ಮುಷ್ಟಿ ತುಂಬ ಸುರಿದಳು.

ಸೊಸೆ ಶಾಂತಾ ಬೆರಳದ್ದಿ ರುಚಿ ನೋಡಿ, “ಭಾಳ ಆಗ್ಯಾದ,” ಎಂದು ಚೆಲ್ಲಿದಳು. ತಾನೇ ಹೊಸದಾಗಿ ಕಲಸಿ, ಮತ್ತೆ ನೆಕ್ಕಿ, “ಈಗ ಬರೋಬರಿ ಅದ,” ಎಂದಳು.

ಮಲ್ಲಮ್ಮ ಸೊಸೆಯನ್ನೇ ನೋಡಿದಳು. “ನಿನಗ ಹ್ಯಾಂಗ ಗೊತ್ತು? ನನ್ನ ಮನ್ಯಾಗ ಅಳುವಂಥಾದ್ದು ನಿನಗೇನಾಗ್ಯಾದ?”

ಶಾಂತಾ ಮಗನಿಗೆ ಚಮಚ ಚಮಚವಾಗಿ ಕುಡಿಸುತ್ತಾ ಹೋದಳು.

ಸಂಜೆಗೆ ಹುಡುಗ ಉಚ್ಚೆ ಹೊಯ್ದ. ನನಗೂ ಜೀವ ಬಂತು. ಅತ್ತೆಯ ವಿಚಾರಣೆ ಮಾತ್ರ ಇನ್ನೂ ಮುಗಿದಿರಲಿಲ್ಲ. ಮರುದಿನದಿಂದ ನಾನು ಉಪ್ಪಿನ ಅಳತೆಯನ್ನು ಊರಿನ ಸೊಸೆಯಂದಿರಿಗೆ, ಅತ್ತೆಯರ ಕಿವಿಗೆ ಬೀಳದಂತೆ, ಹಿತ್ತಲಲ್ಲಿ ಹೇಳಿಕೊಡತೊಡಗಿದೆ. ಕಣ್ಣೀರಿನಷ್ಟು ಅಂದರೆ ಎಷ್ಟು ಎಂದು ಅವರಲ್ಲಿ ಒಬ್ಬಳೂ ಕೇಳಲಿಲ್ಲ.