ವಾಲ್ವಣ್ಣನ ಬ್ಲಾಗಿಗೆ ಬಿದ್ದ ಬೀಗ

ಮೇಲಿನ ಟ್ಯಾಂಕು ತೊಳೆದು, ಪೈಪಿಗೆಲ್ಲ ಬ್ಲೀಚಿಂಗ್ ಪುಡಿಯ ನೀರು ಹಾಯಿಸಿದ ದಿನವೇ ವಾಲ್ವಣ್ಣನ ಬ್ಲಾಗು ಮುಚ್ಚಿಹೋಯಿತು. ವಾಲ್ವು ತಿರುಗಿಸಿ ಬಡಾವಣೆಗೆ ನೀರು ಬಿಡುವ ಅವನಿಗೆ ಜನ ಇಟ್ಟ ಹೆಸರು ಅದು. ಯಾವ ಬೀದಿಗೆ ಯಾವಾಗ ನೀರು ಎಂದು ಅವನು ದಿನವೂ ಬ್ಲಾಗಿನಲ್ಲಿ ಹಾಕುತ್ತಿದ್ದ. ಜನ ಅದನ್ನು ನೋಡಿಯೇ ಕೊಡ ತೊಳೆಯುತ್ತಿದ್ದರು. ಇವತ್ತು ಹೇಳಬೇಕಾಗಿದ್ದ ಮಾತೇ ಬೇರೆ: ಮೊದಲು ಬರುವ ನೀರು ಕುಡಿಯಬೇಡಿ, ವಾಸನೆ ಹೋಗುವ ತನಕ ಚೆಲ್ಲಿ. ಆದರೆ ಪುಟ ತೆರೆದರೆ ಕೆಂಪು ಪಟ್ಟಿ: ‘ಇದು ಸ್ಪ್ಯಾಮ್, ನಂಬಬೇಡಿ. ತಡೆಹಿಡಿಯಲಾಗಿದೆ.’

ಅವನು ಡಿಟಿಪಿ ಅಂಗಡಿಗೆ ಓಡಿದ. ಬ್ಲಾಗು ಮಾಡಿಕೊಟ್ಟ ನಾದಿನಿ ಅಲ್ಲಿ ಟೈಪಿಂಗ್ ಕೆಲಸ ಮಾಡುತ್ತಿದ್ದಳು.

“ಮೊದ್ಲು ಕೂತ್ಕೊಳ್ಳಿ ಭಾವ. ಮುಖ ನೋಡಿದ್ರೆ ಪೈಪೇ ಒಡೆದ ಹಾಗಿದೆ.”

“ಪೈಪ್ ಒಡೆದಿದ್ರೆ ರಿಪೇರಿ ಮಾಡ್ತಿದ್ದೆ ಕಣಮ್ಮ. ಇದನ್ನ ಏನ್ ಮಾಡ್ಲಿ?”

ಹಳೆಯ ಬರಹಗಳನ್ನು ನೋಡುತ್ತ ಅವಳು ನಕ್ಕುಬಿಟ್ಟಳು. ಬೀದಿಯ ಹೆಸರೊಂದು ಬಿಟ್ಟರೆ ದಿನವೂ ಅವೇ ಸಾಲುಗಳು.

“ನೀವೇನು ರಬ್ಬರ್ ಸ್ಟಾಂಪಾ? ಬರೀತಿರೋದು ಮನುಷ್ಯನೇ ಅಲ್ಲ ಅಂದ್ಕೊಂಡಿದೆ ಬ್ಲಾಗ್ ಕಂಪನಿಯ ಕಂಪ್ಯೂಟರು.”

“ನಮ್ಮ ಮೇಸ್ತ್ರಿ ಹಾಗೇ ಕಲಿಸಿದ್ದು. ನೀರಿನ ವಿಷಯ ದಿನಾ ಒಂದೇ ಥರ ಹೇಳು, ಮಾತು ಬದಲಾದ್ರೆ ಜನ ಗಾಬರಿ ಬೀಳ್ತಾರೆ ಅಂತ.”

ಅವಳು ಬೀಗ ತೆಗೆಯಿರೆಂದು ಆ ಕಂಪನಿಗೆ ಮನವಿ ಬರೆದು ಕಳಿಸಿದಳು. ‘ಪರಿಶೀಲಿಸುತ್ತೇವೆ’ ಎಂಬ ಉತ್ತರ ಬಂತು, ಯಾವಾಗ ಎಂಬುದಿರಲಿಲ್ಲ.

“ಹೊಸದು ಮಾಡ್ಲಾ ಭಾವ?”

“ಹೊಸದರ ವಿಳಾಸ ಯಾರಿಗೆ ಗೊತ್ತು?” ಎನ್ನುತ್ತ ಅವನು ಆಗಲೇ ಮೆಟ್ಟಿಲಿಳಿಯುತ್ತಿದ್ದ.

ಅಂದು ಹಿಂಬೀದಿಯ ಸರದಿ. ಅವನು ಒಂದೊಂದೇ ಬಾಗಿಲು ತಟ್ಟುತ್ತ ಹೋದ.

“ಏನ್ ವಾಲ್ವಣ್ಣ, ನಿನ್ನ ಪುಟ ನಂಬಬೇಡಿ ಅಂತ ಬರ್ತಿದೆ. ಇಷ್ಟು ದಿನ ನೀರು ಬಿಡ್ತಿದ್ದೆ, ಈಗ ಬುರುಡೆ ಬಿಡ್ತೀಯಾ?” ಎಂದ ಗ್ಯಾರೇಜಿನವನು.

ಅಷ್ಟರಲ್ಲಿ ನೀರು ಸರಬರಾಜಿನ ಎಂಜಿನಿಯರ್ ಫೋನು. “ಇನ್ನೂ ಬಿಟ್ಟಿಲ್ವೇನಯ್ಯಾ? ವೋಟು ಕೇಳೋಕೆ ಹೊರಟ ಹಾಗೆ ಮನೆಮನೆ ತಿರುಗ್ತಿದ್ದೀಯಂತೆ!”

“ಇನ್ನೊಂದೇ ಮನೆ ಸರ್.”

ಆ ಒಂದು ಮನೆಗೆ ಬೀಗ. ಅವನು ಕಿಟಕಿಯಿಂದ ಇಣುಕಿದ. ನೀರು ಬಂದರೆ ತಾನಾಗಿ ತುಂಬಿಕೊಳ್ಳಲಿ ಎಂದು ನಲ್ಲಿ ತಿರುಗಿಸಿಟ್ಟು, ಕೆಳಗೆ ಬಕೆಟ್ ಇಟ್ಟು ಹೋಗಿದ್ದರು. ಪಕ್ಕದಲ್ಲೇ ಹಾಲುಪುಡಿಯ ಡಬ್ಬ, ಕೂಸಿನ ಸೀಸೆ. ಮೊದಲ ನೀರೇ ಆ ಬಕೆಟ್ಟಿಗೆ ಬೀಳುವುದು. ಗೋಡೆಗೆ ಚೀಟಿ ಅಂಟಿಸಿ ಹೋಗೋಣವೆಂದರೆ, ಗಾಳಿಗೆ ಹಾರಿಹೋದರೆ?

ಅವನು ವಾಲ್ವಿನ ಕೀಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲೇ ಕೂತ. ಬೀದಿಯ ಹೆಂಗಸರು ಖಾಲಿ ಕೊಡ ಬಡಿದು ಬೈದರು. ಫೋನು ಮತ್ತೆ ಮತ್ತೆ ಬಡಿದುಕೊಂಡಿತು. ನಾದಿನಿಯದಿರಬಹುದೆಂದು ಪ್ರತಿ ಸಲ ತೆಗೆದು ನೋಡಿದ. ಪ್ರತಿ ಸಲವೂ ಎಂಜಿನಿಯರ್.

ಕೊನೆಗೆ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡ ಅಜ್ಜಿ ದವಾಖಾನೆಯಿಂದ ಬಂದರು. ಅವನ ಮಾತು ಕೇಳಿ, “ಇದಕ್ಕಾ ಇಡೀ ಬೀದೀನ ಒಣಗಿಸಿದ್ದು?” ಎಂದು ಗದರಿದರು. ಆದರೂ ನಲ್ಲಿ ಮುಚ್ಚಿದರು. ಮುಚ್ಚಿದ್ದನ್ನು ಅವನು ಒಳಗೆ ಹೋಗಿ ನೋಡಿಯೇ ವಾಲ್ವಿನ ಕಡೆ ಓಡಿದ.

ನೀರು ಬಿಟ್ಟ ಮೇಲೂ ಜೀವ ತಡೆಯಲಿಲ್ಲ. ಚರಂಡಿಯ ಉದ್ದಕ್ಕೂ ಬಗ್ಗಿ ಮೂಸುತ್ತ ನಡೆದ. ಪ್ರತಿ ಮನೆಯಿಂದಲೂ ಘಾಟು ನೀರು ಹರಿದು ಬರುತ್ತಿತ್ತು. ಗ್ಯಾರೇಜಿನವನ ಮನೆಯಿಂದಲೂ.

ನಾದಿನಿಯ ಫೋನು ಬಂತು. “ಇನ್ನೂ ಉತ್ತರ ಇಲ್ಲ ಭಾವ.”

“ನಾಳೆ ಮಾರ್ಕೆಟ್ ಬೀದಿ ಕಣಮ್ಮ. ಇದರ ಎರಡರಷ್ಟು ಮನೆ” ಎಂದ ವಾಲ್ವಣ್ಣ. ಕತ್ತಲಾಗುವ ಮೊದಲು ಎಷ್ಟು ಬಾಗಿಲು ಮುಗಿದೀತೋ ನೋಡೋಣವೆಂದು ಆ ಕಡೆಗೆ ಹೆಜ್ಜೆ ಹಾಕಿದ.