ದತ್ತಣ್ಣನ ಸಂಕಲ್ಪಗಳು

"ಅಮ್ಮಾ, ದತ್ತಮಾವಂಗೆ ಹೆದರಿಕೆ ಅಂದ್ರೆ ಗೊತ್ತೇ ಇಲ್ವಾ?"

ಗಗನಾ ಬಾಯಿ ತುಂಬ ಅನ್ನ ಇಟ್ಟುಕೊಂಡು ಕೇಳಿದಳು. ನುಂಗಿ ಮಾತಾಡು ಎಂದು ಗದರಿದೆ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತೇನೆ.

ಮೇಗುಂದದಲ್ಲಿ ನಮ್ಮ ಪಕ್ಕದ ಮನೆಯ ದತ್ತಮೂರ್ತಿಯವರು ಊರಿಗೆಲ್ಲ ದತ್ತಣ್ಣ. ಧೈರ್ಯ ಹಂಚುವುದರಲ್ಲಿ ಎತ್ತಿದ ಕೈ. ಯಾರ ಮನೆಯಲ್ಲಿ ಕಷ್ಟವೆಂದರೂ ಶಲ್ಯ ಹೊದ್ದು ಹೋಗಿ ಕೂರುತ್ತಾರೆ. "ಪುರಾಣದಲ್ಲಿ ಎಂತ ಹೇಳಿದೆ ಗೊತ್ತಿದ್ಯಾ? ನಂಬಿದವನ ಹತ್ರ ಭಯ ಸುಳಿಯುದಿಲ್ಲ" ಎನ್ನುತ್ತಾರೆ. ಆಮೇಲೆ ಎರಡನೇ ಲೋಟ ಕಾಫಿ.

ಉಣುಗು, ಅಂದರೆ ಕಾಡಿನ ಉಣ್ಣೆಹುಳು, ಕಚ್ಚಿ ಹರಡುವ ಮಂಗನ ಕಾಯಿಲೆ ಬಂದ ಬೇಸಿಗೆಯಲ್ಲಿ ಕಾಡಿಗೆ ಸೊಪ್ಪು ತರಲು ಹೋಗುವ ಹೆಂಗಸರಿಗೂ ಇದೇ ಉಪದೇಶ. "ಸ್ತೋತ್ರ ಹೇಳ್ಕೊಂಡು ಹೋಗಿ, ಉಣುಗು ಮುಟ್ಟುದಿಲ್ಲ." ಅವರಲ್ಲೊಬ್ಬಳು, ಸುಬ್ಬಿ, ಕೇಳಿಯೇಬಿಟ್ಟಳು: "ಹಂಗಾರೆ ಸರ್ಕಾರದವ್ರು ಕೊಟ್ಟ ಉಣುಗಿನ ಎಣ್ಣೆ ಕಾಲಿಗೆ ಯಾಕೆ ಬಳ್ಕಂಡೀರಿ ಅಯ್ಯ? ಇಲ್ಲಿಗೂ ನಾತ ಬತ್ತದೆ." ದತ್ತಣ್ಣನಿಗೆ ತಕ್ಷಣ ಮನೆಯಲ್ಲಿ ಏನೋ ಕೆಲಸ ನೆನಪಾಯಿತು.

ಅದೇ ಬೇಸಿಗೆಯಲ್ಲಿ ನಮ್ಮ ಕೇರಿಯ ವಾಸಪ್ಪ ಜ್ವರದಲ್ಲಿ ಬಡಬಡಿಸತೊಡಗಿದ. ಕೇರಿಯಲ್ಲಿ ಜೀಪು ಇದ್ದದ್ದು ದತ್ತಣ್ಣನದು ಮಾತ್ರ. ಕರೆಯಲು ಹೋದವರಿಗೆ ಬಾಗಿಲ ಸಂದಿಯಿಂದ ಉತ್ತರ ಬಂತು: "ಬೆಳಿಗ್ಗೆಯೇ ಏಳು ದಿನದ ಸಪ್ತಾಹ ಪಾರಾಯಣದ ಸಂಕಲ್ಪ ಮಾಡಿ ಆಯ್ತು. ಮುಗಿಯುವವರೆಗೆ ಊರಗಡಿ ದಾಟುವ ಹಾಗಿಲ್ಲ." ಜೀಪಿನ ಕೀಲಿಕೈಗೂ ಸಂಕಲ್ಪವೋ ಏನೋ, ಅದೂ ಹೊರಗೆ ಬರಲಿಲ್ಲ. ಕೊಪ್ಪದಿಂದ ವಾಸಪ್ಪನ ಭಾವಮೈದ ವ್ಯಾನು ತಂದದ್ದಕ್ಕೆ ಅವನ ಜೀವ ಉಳಿಯಿತು. ಉಳಿದದ್ದು ತಮ್ಮ ಪಾರಾಯಣದ ಫಲ ಎಂದು ದತ್ತಣ್ಣ ಈಗಲೂ ಹೇಳುತ್ತಾರೆ, ನಾಚಿಕೆಯಿಲ್ಲದೆ.

ಕಳೆದ ವಾರ ಕಷ್ಟ ಅವರ ಮನೆಗೇ ಬಂತು. ಅವರ ಹೆಂಡತಿ ಲಲಿತಕ್ಕನ ಗರ್ಭಕೋಶದಲ್ಲಿ ಗಡ್ಡೆ. ಇನ್ನು ತಡಮಾಡಿದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಸೋಮವಾರ ಶಿವಮೊಗ್ಗದಲ್ಲಿ ಆಪರೇಷನ್. ಚೀಲ ತುಂಬಿಸಿಕೊಡಲು ಭಾನುವಾರ ನಾನು ಹೋದರೆ, ದತ್ತಣ್ಣ ಮತ್ತೊಂದು ಸಪ್ತಾಹಕ್ಕೆ ಪಾರಾಯಣದ ಪುಸ್ತಕವನ್ನು ಪೀಠದ ಮೇಲಿಟ್ಟು, ಮಣೆ ಹಾಕಿ ಅಂಗೈಯಲ್ಲಿ ಅಕ್ಷತೆ ಹಿಡಿದು ಕೂತಿದ್ದರು!

"ಲಲಿತಾ, ಬಾ, ಕೈಗೆ ನೀರು ಬಿಡು."

ಹೆಂಡತಿ ನೀರು ಬಿಟ್ಟರೇ ಗಂಡನ ಸಂಕಲ್ಪ ಪೂರ್ತಿ. ಇಷ್ಟು ವರ್ಷ ಲಲಿತಕ್ಕ ಬಾಯಿ ಮುಚ್ಚಿಕೊಂಡು ಬಿಟ್ಟಿದ್ದಳು. ಈ ಸಲ ನೀರು ಬಿಡುವ ಉದ್ಧರಣೆಯನ್ನು ಪಂಚಪಾತ್ರೆಯಿಂದ ಎತ್ತಲೇ ಇಲ್ಲ.

"ನಾಳೆ ಆಸ್ಪತ್ರೆಯಲ್ಲಿ ಸಹಿ ಯಾರು ಹಾಕುದು?"

"ಶ್ರೀರಂಜನಿ ಬರ್ತಾಳಲ್ಲ" ಎಂದು ನನ್ನ ಕಡೆ ನೋಡಿದರು. "ನಾನು ಇಲ್ಲಿ ಪಾರಾಯಣ ಮಾಡುದು ನಿನಗೋಸ್ಕರವೇ ಮಾರಾಯ್ತಿ."

"ನನಗೋಸ್ಕರ ಆದ್ರೆ ನನ್ನ ಪಕ್ಕ ಕೂತು ಮಾಡಿ. ನನಗೆ ಹೆದರಿಕೆ ಆಗ್ತಿದೆ. ಆ ಪುಸ್ತಕ ನನಗೇ ಬೇಕು."

ಪೀಠದಿಂದ ಪುಸ್ತಕ ಎತ್ತಿ, ಹಳೇ ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ದತ್ತಣ್ಣ ಒಣ ಅಂಗೈ ಚಾಚಿಕೊಂಡೇ ಕೂತಿದ್ದರು. ನಗು ತಡೆಯಲಾರದೆ ನಾನು ಅಡುಗೆಮನೆಗೆ ಹೋದೆ.

ಮರುದಿನ ಗಗನಾಳನ್ನು ಅತ್ತೆಯ ಹತ್ತಿರ ಬಿಟ್ಟು ನಾನೂ ಹೊರಟೆ. ದತ್ತಣ್ಣನನ್ನು ನಂಬಿ ಲಲಿತಕ್ಕನನ್ನು ಕಳಿಸುವುದುಂಟೇ? ಜೀಪು ಓಡಿಸಿಕೊಂಡು ಬಂದ ದತ್ತಣ್ಣ ಆಸ್ಪತ್ರೆಯಲ್ಲಿ ಸಹಿಯನ್ನೇನೋ ಹಾಕಿದರು, ಕಣ್ಣು ಬೇರೆ ಕಡೆಗೆ ತಿರುಗಿಸಿಕೊಂಡು.

ಒಳಗೆ ಕರೆಯುವ ಮೊದಲು ಲಲಿತಕ್ಕ ಬೆರಳಿಟ್ಟುಕೊಂಡು ಒಂದು ಪುಟ ಓದಿದಳು, ತನಗೆ ಮಾತ್ರ ಕೇಳುವ ಹಾಗೆ. ಓದು ಎಲ್ಲೂ ನಿಲ್ಲಲಿಲ್ಲ. ಪುಸ್ತಕವನ್ನು ಕಣ್ಣಿಗೊತ್ತಿ ಗಂಡನ ತೊಡೆಯ ಮೇಲಿಟ್ಟು, ನರ್ಸಿನ ಹಿಂದೆ ನಡೆದಳು. ತಿರುಗಿ ನೋಡಲಿಲ್ಲ.

ಬಾಗಿಲು ಮುಚ್ಚಿತು. ದತ್ತಣ್ಣ ಪುಸ್ತಕ ಬಿಡಿಸಿ ಬಾಯಿ ತೆರೆದರು. ಬಾಯಿಪಾಠವಿದ್ದ ಮೊದಲ ಶ್ಲೋಕದಲ್ಲೇ ತಡವರಿಸಿ ನಿಂತರು. ಇನ್ನೊಮ್ಮೆ ಪ್ರಯತ್ನಿಸಿ ಬಿಟ್ಟರು. ಆಮೇಲೆ ಬೆಂಚಿನ ಮೇಲೆ ನನ್ನ ಕಡೆಗೆ ಸರಿದು ಪುಸ್ತಕ ಚಾಚಿದರು.

"ತಂಗೀ, ಒಂದು ಉಪಕಾರ ಮಾಡು. ಇದನ್ನ ಸ್ವಲ್ಪ ಗಟ್ಟಿಯಾಗಿ ಓದು. ನನಗೆ ಕೇಳ್ಬೇಕು."